ಸಬ್ಸಿಡಿ ನಂಬಿ ಸಾಲ ಮಾಡಬಹುದಾ? ಓದುಗರ ಪ್ರಶ್ನೆಗೆ ಉತ್ತರ

ಈ ಸಲದ ಪತ್ರಗಳಲ್ಲಿ ಕೆಲವು ಬೆಂಗಳೂರಿನ ಪಿಜಿಗಳಿಂದ ಬಂದಿವೆ, ಕೆಲವು ಸುತ್ತಲಿನ ಹಳ್ಳಿಗಳಿಂದ. ಕೇಳಿದ್ದು ಬೇರೆ ಬೇರೆ, ಆದರೆ ಒಳಗಿರುವ ಚಿಂತೆ ಒಂದೇ: ಸರ್ಕಾರದ ದುಡ್ಡು ಯಾವಾಗ, ಹೇಗೆ ಕೈಗೆ ಬರುತ್ತದೆ? ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಮಾಗಡಿ ಕಡೆಯವಳು. ಎರಡು ಎಕರೆಯಲ್ಲಿ ರಾಗಿ ಬೆಳೀತೀವಿ. ಮನೇಲಿ ಮಾಡಿದ ರಾಗಿ ಮಾಲ್ಟು, ಹುರಿಹಿಟ್ಟನ್ನ ಬೆಂಗಳೂರಿನ ನೆಂಟರು ಕೇಳಿ ತಗೊಂಡು ಹೋಗ್ತಾರೆ. ಮಷೀನು ಹಾಕಿದ್ರೆ ಅರ್ಧ ದುಡ್ಡು ಸರ್ಕಾರವೇ ಕೊಡುತ್ತೆ ಅಂತ ಒಬ್ಬರು ಬಂದು ಹೇಳಿದ್ರು. ಫೈಲು ಮಾಡಿಸಿಕೊಡೋಕೆ ಐದು ಪರ್ಸೆಂಟ್ ಕೇಳ್ತಿದ್ದಾರೆ. ನಂಬಬಹುದಾ ಸಾರ್?

ಅರ್ಧ ದುಡ್ಡಿನ ಮಾತು ನಿಜ ಅಕ್ಕ. ಐದು ಪರ್ಸೆಂಟ್ ಮಾತ್ರ ಕೊಡಬೇಡಿ.

ಅವರು ಹೇಳಿದ್ದು ಪಿಎಂಎಫ್‌ಎಂಇ ಯೋಜನೆ ಇರಬೇಕು. ಸಣ್ಣ ಆಹಾರ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ್ದು. ಕೇಂದ್ರದ ಲೆಕ್ಕದಲ್ಲಿ ಸಬ್ಸಿಡಿ 35%, ಹೆಚ್ಚೆಂದರೆ ₹10 ಲಕ್ಷ. ಕರ್ನಾಟಕ ಅದರ ಮೇಲೆ ತನ್ನದೊಂದು 15% ಸೇರಿಸಿತು. ಹಾಗಾಗಿ ನಮ್ಮಲ್ಲಿ 50%, ಮಿತಿ ₹15 ಲಕ್ಷ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಬೆಂಗಳೂರಿನಲ್ಲಿರುವ ಕೆಪೆಕ್, ಅಂದರೆ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿನ ಸರ್ಕಾರಿ ನಿಗಮ. ಜಿಲ್ಲೆಗಳಲ್ಲಿ ಸಂಪನ್ಮೂಲ ವ್ಯಕ್ತಿಗಳು ಅಂತ ನೇಮಿಸಿದ್ದಾರೆ. ಅರ್ಜಿ ಹಾಕಿಸುವುದು, ಪ್ರಾಜೆಕ್ಟ್ ರಿಪೋರ್ಟ್ ಮಾಡಿಸುವುದು, ಬ್ಯಾಂಕಿನವರ ಜೊತೆ ಮಾತಾಡುವುದು ಎಲ್ಲ ಅವರ ಕೆಲಸ, ಅದಕ್ಕೆ ಯೋಜನೆಯಿಂದಲೇ ಅವರಿಗೆ ಹಣ ಹೋಗುತ್ತದೆ. ನೀವು ಕೊಡಬೇಕಾಗಿಲ್ಲ. ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ಅವರು ಯಾರು ಅಂತ ತಿಳಿಯುತ್ತದೆ. ಯೋಜನೆಯ ಅವಧಿಯನ್ನು 2025-26ರವರೆಗೆ ವಿಸ್ತರಿಸಿದ್ದರು, ಆದ್ದರಿಂದ ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಮೊದಲು ವಿಚಾರಿಸಿ, ಆಮೇಲೆ ಮುಂದಿನ ಮಾತು.

ಏಜೆಂಟರು ಹೇಳದೆ ಬಿಡುವ ಭಾಗ ಇನ್ನೊಂದಿದೆ. ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಮೊದಲು ಬ್ಯಾಂಕ್ ಸಾಲ ಕೊಡಬೇಕು. ಆಮೇಲೆ ಸಬ್ಸಿಡಿ ಆ ಬ್ಯಾಂಕಿಗೇ ಬರುತ್ತದೆ, ನಿಮ್ಮ ಹೆಸರಲ್ಲಿ ಪಕ್ಕಕ್ಕೆ ಎತ್ತಿಟ್ಟಿರುತ್ತಾರೆ. ಸಾಲದ ಕೊನೆ ಕಂತು ಬಿಡುಗಡೆಯಾಗಿ ಮೂರು ವರ್ಷ ಕಳೆಯಬೇಕು, ಅಷ್ಟು ಹೊತ್ತಿಗೆ ಘಟಕ ನಡೀತಾ ಇರಬೇಕು, ಸಾಲ ಸುಸ್ತಿಯಾಗಿರಬಾರದು. ಹಾಗಿದ್ದರೆ ಮಾತ್ರ ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ಸಬ್ಸಿಡಿಯಷ್ಟು ಮೊತ್ತದ ಸಾಲಕ್ಕೆ ಅಲ್ಲಿಯತನಕ ಬಡ್ಡಿ ಹಾಕುವುದಿಲ್ಲ, ಅದೊಂದು ಅನುಕೂಲ ನಿಜ.

ಲೆಕ್ಕ ಹಾಕಿ ನೋಡೋಣ. ಹಿಟ್ಟಿನ ಗಿರಣಿ, ಹುರಿಯುವ ಯಂತ್ರ, ಡ್ರೈಯರ್, ಪ್ಯಾಕಿಂಗ್ ಮಷೀನು ಸೇರಿ ₹8 ಲಕ್ಷ ಅಂದುಕೊಳ್ಳಿ. ನಿಮ್ಮ ಪಾಲು 10%, ಅಂದರೆ ₹80 ಸಾವಿರ. ಉಳಿದ ₹7.2 ಲಕ್ಷ ಸಾಲ. ಎಲ್ಲ ಸರಿ ಹೋದರೆ ಅದರಲ್ಲಿ ₹4 ಲಕ್ಷ ಸಬ್ಸಿಡಿಯಲ್ಲಿ ತೀರುತ್ತದೆ, ₹3.2 ಲಕ್ಷ ಮತ್ತು ಬಡ್ಡಿ ನೀವು ದುಡಿದು ಕಟ್ಟಬೇಕು. ಎಲ್ಲ ಸರಿ ಹೋಗದಿದ್ದರೆ ₹7.2 ಲಕ್ಷವೂ ನಿಮ್ಮ ತಲೆ ಮೇಲೆ.

ಸಬ್ಸಿಡಿ ಸಿಗುವುದು ಯಂತ್ರಕ್ಕೆ, ಸ್ವಲ್ಪ ಮಟ್ಟಿಗೆ ಕಟ್ಟಡದ ಕೆಲಸಕ್ಕೆ. ರಾಗಿ ಕೊಳ್ಳಲು, ಕವರ್ ತರಿಸಲು, ಕರೆಂಟ್ ಬಿಲ್ ಕಟ್ಟಲು ಅಲ್ಲ. ಎಷ್ಟೋ ಸಣ್ಣ ಘಟಕಗಳು ಬಾಗಿಲು ಹಾಕುವುದು ಇಲ್ಲೇ, ಯಂತ್ರ ಕೆಟ್ಟು ಅಲ್ಲ. ನಿಮ್ಮ ಎರಡು ಎಕರೆಯ ರಾಗಿ ಮನೆಗೆ ಮಿಕ್ಕಿದ್ದು ಎಷ್ಟು ದಿನ ಬಂದೀತು? ಸುಗ್ಗಿಯಲ್ಲಿ ಹೊರಗಿಂದ ಕೊಳ್ಳಲೇಬೇಕು. 2025-26ಕ್ಕೆ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ ₹4,886. ಆ ಬೆಲೆಗೆ 20 ಕ್ವಿಂಟಾಲ್ ಎತ್ತಿಟ್ಟುಕೊಂಡರೂ ಹತ್ತಿರ ಹತ್ತಿರ ₹1 ಲಕ್ಷ ಮೂಟೆಯಲ್ಲಿ ಕೂತುಬಿಡುತ್ತದೆ. ಇನ್ನು ಅಂಗಡಿಯವರು ಮಾಲು ಇಟ್ಟುಕೊಂಡು ಮುಂದಿನ ತಿಂಗಳು ಬನ್ನಿ ಅನ್ನುತ್ತಾರೆ, ಅದು ಬೆಂಗಳೂರಿನ ರೂಢಿ. ದುಡಿಯುವ ಬಂಡವಾಳ ಎಲ್ಲಿಂದ ಬರುತ್ತದೆ ಅಂತ ತೀರ್ಮಾನ ಮಾಡದೆ ಯಂತ್ರಕ್ಕೆ ಕೊಟೇಶನ್ ತರಿಸಬೇಡಿ.

ನಾನಾಗಿದ್ದರೆ ಮೊದಲು ಯಂತ್ರ ಕೊಳ್ಳುತ್ತಿರಲಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಮೂಲ ನೋಂದಣಿ ಮಾಡಿಸಿ, ಊರಿನ ಗಿರಣಿಯಲ್ಲೇ ಹಿಟ್ಟು ಮಾಡಿಸಿ, ತೂಕ, ತಯಾರಿಸಿದ ದಿನ, ಎಂಆರ್‌ಪಿ, ನೋಂದಣಿ ನಂಬರ್ ಇರುವ ಲೇಬಲ್ ಹಾಕಿ ಒಂದು ಮಳೆಗಾಲ ಮಾರಿ ನೋಡುತ್ತಿದ್ದೆ. ಮಳೆಗಾಲ ಅಂದಿದ್ದು ಬೇಕೆಂದೇ. ಮೊಳಕೆ ಬಂದ ರಾಗಿ ಸರಿಯಾಗಿ ಒಣಗದಿದ್ದರೆ ಹಿಟ್ಟು ಮುಗ್ಗಲು ಹಿಡಿಯುತ್ತದೆ, ಒಂದು ಸಲ ವಾಸನೆ ಬಂದ ಪ್ಯಾಕೆಟ್ ಹೋದ ಮನೆಯವರು ಮತ್ತೆ ಕೇಳುವುದಿಲ್ಲ. ಈ ವಿದ್ಯೆ ಕಲಿಯಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇರುವ ಜಿಕೆವಿಕೆಯಲ್ಲೋ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೋ ತರಬೇತಿ ಇದೆಯಾ ವಿಚಾರಿಸಿ. ನೆಂಟರಲ್ಲದವರೂ ಎರಡನೇ ಸಲ ಕೇಳಿ ಕೊಂಡರೆ ಆಗ ಅರ್ಜಿ ಹಾಕಿ. ಮಾರಿದ ಬಿಲ್ಲುಗಳಿದ್ದರೆ ಬ್ಯಾಂಕ್ ಮ್ಯಾನೇಜರ್ ಜೊತೆ ಮಾತಾಡುವುದೂ ಸುಲಭ.

ಪ್ರಶ್ನೆ: ಮಂಡ್ಯ ಜಿಲ್ಲೆಯವನು, ಬಿ.ಕಾಂ ಮುಗಿಸಿ ವಿಜಯನಗರದ ಪಿಜಿಯಲ್ಲಿದ್ದೀನಿ. ಒಂದು ಸಂಸ್ಥೆಯವರು ₹45 ಸಾವಿರ ಕಟ್ಟಿದ್ರೆ ಕೋರ್ಸ್ ಜೊತೆ ಕೆಲಸ ಗ್ಯಾರಂಟಿ ಅಂತಾರೆ. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ತಿಂಗಳಿಗೆ ₹3,000 ಬರ್ತಿದೆ. ಅಪ್ಪ ಊರಿಗೆ ಬಂದು ಹಸು ಕಟ್ಟು ಅಂತಾರೆ. ಏನ್ ಮಾಡ್ಲಿ?

ಮೊದಲು ₹45 ಸಾವಿರ ಜೇಬಲ್ಲೇ ಇರಲಿ ತಮ್ಮಾ. ಗ್ಯಾರಂಟಿ ಅಂದವರನ್ನು ಒಂದೇ ಪ್ರಶ್ನೆ ಕೇಳು: ಕೆಲಸ ಸಿಕ್ಕ ಮೇಲೆ ಸಂಬಳದಿಂದ ಫೀಸ್ ಕಟ್ಟಬಹುದಾ? ಉತ್ತರದಲ್ಲೇ ಗೊತ್ತಾಗುತ್ತದೆ.

ದುಡ್ಡು ಕೊಟ್ಟು ಕಲಿಯುವ ಬದಲು ದುಡ್ಡು ತಗೊಂಡು ಕಲಿಯುವ ದಾರಿ ಇದೆ, ಅಪ್ರೆಂಟಿಸ್‌ಶಿಪ್. ಐಟಿಐ ಹುಡುಗರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಪದವೀಧರರಿಗೂ ಇದೆ, ಅಕೌಂಟ್ಸ್ ವಿಭಾಗದಲ್ಲೂ ಇದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು ಅನ್ನುತ್ತದೆ ಕಾನೂನು. ಪೀಣ್ಯ, ಬೊಮ್ಮಸಂದ್ರದಲ್ಲಿ ಅಂಥ ಕಾರ್ಖಾನೆಗಳಿಗೇನು ಕಮ್ಮಿಯಿಲ್ಲ. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸು. ಅಷ್ಟಕ್ಕೇ ಸುಮ್ನೆ ಕೂರಬೇಡ, ಕಂಪನಿಗಳ ಎಚ್‌ಆರ್‌ಗೆ ನೇರವಾಗಿ ಹೋಗಿ ಕೇಳು. ಸ್ಟೈಪೆಂಡ್ ಪಿಜಿ ಬಾಡಿಗೆಗೆ ಸರಿ ಹೋಗಬಹುದು, ಉಳಿತಾಯ ಆಗುತ್ತದೆ ಅಂತ ಹೇಳಲಾರೆ. ಆದರೆ ಬಯೋಡೇಟಾದಲ್ಲಿ ಅನುಭವದ ಜಾಗ ಖಾಲಿ ಇರುವುದಿಲ್ಲ.

ಒಂದು ಎಚ್ಚರಿಕೆ. ಅಪ್ರೆಂಟಿಸ್ ವೇತನ ಬಂದರೆ ಯುವನಿಧಿಗೆ ನೀನು ಅರ್ಹನಲ್ಲ. ಸರ್ಕಾರದ ಯೋಜನೆಯಲ್ಲಿ ಸಾಲ ತಗೊಂಡು ಸ್ವಂತ ಉದ್ಯೋಗ ಮಾಡಿದರೂ ಅಷ್ಟೇ. ಮುಚ್ಚಿಟ್ಟು ಎರಡೂ ತಗೊಳ್ಳಬೇಡ. ಯುವನಿಧಿ ಪದವೀಧರರಿಗೆ ₹3,000, ಡಿಪ್ಲೊಮಾದವರಿಗೆ ₹1,500, ಅದೂ ಎರಡು ವರ್ಷದವರೆಗೆ ಮಾತ್ರ. ಆ ಮೂರು ಸಾವಿರ ಕೈತಪ್ಪುತ್ತದೆ ಅಂತ ಬಂದ ಕೆಲಸ ಬಿಟ್ಟ ಹುಡುಗರೂ ಇದ್ದಾರೆ. ಹಾಗೆ ಮಾಡಬೇಡ.

ಹಸುವಿನ ಮಾತಿಗೆ ನಗಬೇಡ. ಮಂಡ್ಯದಲ್ಲಿ ಡೈರಿಗೆ ಹಾಲು ಹಾಕಿದರೆ ದುಡ್ಡು ನೇರ ಖಾತೆಗೆ ಬರುತ್ತದೆ, ಗಿರಾಕಿ ಹುಡುಕುವ ತಲೆನೋವಿಲ್ಲ. ನಿಜವಾದ ಪ್ರಶ್ನೆ ಮೇವಿನದು. ಗದ್ದೆಯಲ್ಲಿ ಹಸಿರು ಮೇವು ಬೆಳೆಯುವ ಜಾಗ, ನೀರು ಇಲ್ಲದೆ ಎಲ್ಲವನ್ನೂ ಕೊಂಡು ಹಾಕುವುದಾದರೆ ಹಾಲಿನ ದುಡ್ಡು ಮೇವಿನ ಅಂಗಡಿಗೇ ಸರಿಹೋಗುತ್ತದೆ. ಮನಸ್ಸಿದ್ದರೆ ಮೊದಲು ರುಡ್‌ಸೆಟ್ ಸಂಸ್ಥೆಯಲ್ಲಿ ಹೈನುಗಾರಿಕೆ ತರಬೇತಿ ತಗೋ. ಧರ್ಮಸ್ಥಳ ಮತ್ತು ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ್ದು. ಬೆಂಗಳೂರಿನವರಿಗೆ ನೆಲಮಂಗಲದ ಅರಿಶಿನಕುಂಟೆಯಲ್ಲಿದೆ. ಊಟ, ವಸತಿ, ಪಾಠ ಎಲ್ಲ ಉಚಿತ. ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳನ್ನು ನಡೆಸುತ್ತವೆ. ಅಲ್ಲಿಗೆ ಅಪ್ಪನನ್ನೂ ಕರೆದುಕೊಂಡು ಹೋಗಿ ವಿಚಾರಿಸು.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಪಿಎಂ ಕಿಸಾನ್ ದುಡ್ಡು ನಿಂತಿದೆ. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ನಾವು ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ಅಕ್ಕ. ನಮ್ಮ ಹೆಸರಿಗೆ ಮಾಡಿಸೋದು ಹೇಗೆ?

ಪಿಎಂ ಕಿಸಾನ್ ಆಮೇಲೆ. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಹಿಡಿದು ನಾಡಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ಅಕ್ಕನ ಹೆಸರು ಬಿಡಬೇಡಿ, ಅಮ್ಮ ಇದ್ದರೆ ಅವರದ್ದೂ. ಮದುವೆ ಮಾಡಿ ಕೊಟ್ಟಾಯ್ತು ಅಂತ ಬಿಡುವ ಮನೆಗಳು ಇನ್ನೂ ಇವೆ, ಫೈಲು ನಿಲ್ಲುವುದು, ಆಮೇಲೆ ಕೋರ್ಟು ಹತ್ತುವುದು ಅದರಿಂದಲೇ. 2005ರ ತಿದ್ದುಪಡಿ ಆದಮೇಲೆ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

ಪೌತಿ ಅಂದರೆ ಪಾಲು ಆದಂತಲ್ಲ, ಜಂಟಿ ಖಾತೆ ಆಗುತ್ತದೆ. ಪಾಲು, ಪೋಡಿ (ಅಳತೆ ಮಾಡಿ ಜಮೀನು ಬೇರೆ ಬೇರೆ ಮಾಡುವುದು) ಬೇರೆ ಕೆಲಸ. ಪಹಣಿಯಲ್ಲಿ ಹೆಸರು ಬಂದ ಕೂಡಲೇ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ನಂಬರ್, ಮಾಡಿಸಿ. ಬೆಳೆ ಪರಿಹಾರಕ್ಕೂ, ಬೆಂಬಲ ಬೆಲೆಗೆ ರಾಗಿ ಕೊಡಲಿಕ್ಕೂ ಕೇಳುವುದು ಅದನ್ನೇ. ಪಿಎಂ ಕಿಸಾನ್‌ಗೆ ಭೂಮಿ 2019ರ ಫೆಬ್ರವರಿ 1ಕ್ಕೆ ಹೆಸರಲ್ಲಿ ಇರಬೇಕು ಅನ್ನುವ ನಿಯಮ ಇದೆ, ಆದರೆ ಸಾವಿನಿಂದ ಬಂದ ವಾರಸುದಾರಿಕೆಗೆ ವಿನಾಯಿತಿ ಇದೆ. ಕಚೇರಿಯಲ್ಲಿ ಆಗಲ್ಲ ಅಂದರೆ ಈ ಮಾತು ಹೇಳಿ. ನಿಮ್ಮಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದರೆ ಅವರ ಕುಟುಂಬಕ್ಕೆ ವರ್ಷದ ಆ ₹6,000 ಸಿಗುವುದಿಲ್ಲ.

ಪ್ರಶ್ನೆ: ಸಹಕಾರಿ ಸೊಸೈಟಿಯಲ್ಲಿ ರೈತರಿಗೆ ₹5 ಲಕ್ಷ ಬಡ್ಡಿ ಇಲ್ಲದ ಬೆಳೆ ಸಾಲ ಅಂತಾರೆ. ಕೇಳಿದ್ರೆ ₹80 ಸಾವಿರ ಮಾತ್ರ ಅಂದ್ರು. ಮೋಸ ಅಲ್ವಾ?

ಮೋಸ ಅಂತ ಹೇಳಲಾಗದು. 2023-24ರ ಬಜೆಟ್‌ನಲ್ಲಿ ₹3 ಲಕ್ಷದಿಂದ ₹5 ಲಕ್ಷಕ್ಕೆ ಏರಿಸಿದ್ದು ಮಿತಿಯನ್ನು. ನಿಮಗೆಷ್ಟು ಅನ್ನುವುದು ಎಷ್ಟು ಎಕರೆ, ಯಾವ ಬೆಳೆ, ಸೊಸೈಟಿಯಲ್ಲಿ ಷೇರು ಎಷ್ಟು, ಅದರ ಹತ್ತಿರ ಹಣ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ, ತಪ್ಪಿದರೆ ಬೀಳುತ್ತದೆ. ಅಷ್ಟು ಸಾಕಾಗದಿದ್ದರೆ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ, ₹3 ಲಕ್ಷದವರೆಗೆ 7%, ಸರಿಯಾಗಿ ಕಟ್ಟಿದವರಿಗೆ 4% ಬೀಳುತ್ತದೆ. ಒಂದೇ ಬೆಳೆಗೆ ಎರಡೂ ಕಡೆ ಸಾಲ ಕೊಡುವುದಿಲ್ಲ, ಬ್ಯಾಂಕಿನವರು ಸೊಸೈಟಿಯಿಂದ ಬೇಬಾಕಿ ಪತ್ರ ಕೇಳಬಹುದು. ಆ ₹80 ಸಾವಿರಕ್ಕೆ ಸಹಿ ಹಾಕುವ ಮೊದಲು ಯಾವುದು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ.