ಸೆವಿಲ್‌ನಿಂದ ಊರಿಗೆ ಎಂತ ತರುವುದು?

ಓದುಗರ ಪ್ರಶ್ನೆಗಳಲ್ಲಿ ಈ ಸಲ ಸ್ಪೇನ್‌ನದ್ದೇ ಜಾಸ್ತಿ. ಎಲ್ಲ ಒಂದೇ ಊರಿನ ಸುದ್ದಿ ಆದ ಕಾರಣ ಒಟ್ಟಿಗೇ ಉತ್ತರಿಸಿ ಬಿಡುವ ಅಂತ.

ಪ್ರಶ್ನೆ: ಮಗ ಸೆವಿಲ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಅಕ್ಟೋಬರ್‌ನಲ್ಲಿ ನಾನು ಮತ್ತೆ ಇವರು ಹೋಗ್ತಾ ಇದ್ದೇವೆ. ಬರುವಾಗ ನಾದಿನಿಗೆ, ಓರಗಿತ್ತಿಗೆ, ಪಕ್ಕದ ಮನೆಯವರಿಗೆ ಅಂತ ಏನಾದ್ರೂ ತರ್ಬೇಕಲ್ಲ. ಹಿಂದೊಮ್ಮೆ ದುಬೈಯಿಂದ ತಂದದ್ದರ ಅಡಿಯಲ್ಲಿ ಮೇಡ್ ಇನ್ ಚೈನಾ ಅಂತ ಇತ್ತು, ಈಗಲೂ ಹೇಳಿ ನಗಾಡ್ತಾರೆ. ಆ ಊರಿನದ್ದೇ ಅಂತ ಧೈರ್ಯದಲ್ಲಿ ಹೇಳುವಂಥದ್ದು ಎಂತ ಉಂಟು?
– ಮಣಿಪಾಲದ ಓದುಗರು

ಉತ್ತರ: ಟೈಲ್ಸ್ ಅಕ್ಕಾ, ಬೇರೆ ಎಂತ ತಾರದಿದ್ರೂ ಒಂದೆರಡು ಟೈಲ್ಸ್ ತನ್ನಿ. ಸೆವಿಲ್‌ನ ನಡುವೆ ಗ್ವಾದಲ್‌ಕಿವಿರ್ ಅಂತ ಹೊಳೆ, ಸೇತುವೆ ದಾಟಿದ್ರೆ ಆಚೆ ದಡದಲ್ಲಿ ಟ್ರಿಯಾನಾ ಅಂತ ಕೇರಿ, ಹೊಳೆ ದಂಡೆಯ ಮಣ್ಣಿನಲ್ಲಿ ಮಡಿಕೆ, ಟೈಲ್ಸ್ ಸುಡುವುದು ಶತಮಾನಗಳಿಂದ ಅಲ್ಲಿಯವರ ಕಸುಬು. ನಮ್ಮ ನೇತ್ರಾವತಿ ದಂಡೆಯಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ಹಾಕಿದ್ದು 19ನೇ ಶತಮಾನದಲ್ಲಿ, ಟ್ರಿಯಾನಾದ ಭಟ್ಟಿಗಳು ಅದಕ್ಕಿಂತ ಎಷ್ಟೋ ಹಳತು. ಸೆವಿಲ್‌ನವರು ಊರು ಕಾಯುವವರು ಅಂತ ನಂಬುವ ಹುಸ್ತಾ, ರುಫೀನಾ ಅಂತ ಅಕ್ಕತಂಗಿ ಸಂತರು ಸಹ ಮಡಿಕೆ ಮಾರುವವರೇ ಅಂತೆ, ಚಿತ್ರದಲ್ಲಿ ಅವರ ಹತ್ರ ಮಡಿಕೆ ಕುಡಿಕೆ ಇರ್ತದೆ.

ಆದ್ರೆ ಸೀದಾ ಅಂಗಡಿಗೆ ನುಗ್ಬೇಡಿ, ಮೊದಲು ಪ್ಲಾಸಾ ದೆ ಎಸ್ಪಾನ್ಯಾ ನೋಡಿ ಬನ್ನಿ. 1929ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಅರ್ಧಚಂದ್ರದ ಹಾಗಿನ ದೊಡ್ಡ ಕಟ್ಟಡ, ಅದರ ಬುಡದಲ್ಲಿ ಉದ್ದಕ್ಕೂ ಸ್ಪೇನ್‌ನ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಟೈಲ್ಸ್‌ನ ಜಗಲಿ. ಎಲ್ಲರೂ ಕೂತು ಫೋಟೊ ತೆಗೀತಾರೆ, ನೀವು ಫೋಟೊ ಆದ ಮೇಲೆ ಟೈಲ್ಸ್ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ, ಅಂಗಡಿಯಲ್ಲಿ ಮೋಸ ಹೋಗದಿರ್ಲಿಕ್ಕೆ ಅದೇ ಪಾಠ. ಅಲ್ಲಿಯ ಟೈಲ್ಸ್ ಮಾಡುವುದರಲ್ಲಿ ಒಂದು ಕ್ರಮಕ್ಕೆ ಕ್ವೆರ್ದಾ ಸೆಕಾ ಅಂತ ಹೇಳ್ತಾರೆ. ಎಣ್ಣೆ ಪಸೆಗೆ ಮ್ಯಾಂಗನೀಸ್ ಪುಡಿ ಕಲಸಿ ಅದರಲ್ಲಿ ಚಿತ್ರದ ಗೆರೆ ಎಳೆಯುವುದು, ಗೆರೆಗಳ ನಡುವೆ ಬಣ್ಣದ ಗ್ಲೇಜ್ ತುಂಬಿಸುವುದು, ಎಣ್ಣೆ ಇರುವ ಕಾರಣ ಒಂದು ಬಣ್ಣ ಇನ್ನೊಂದಕ್ಕೆ ಹರಿಯುವುದಿಲ್ಲ, ಭಟ್ಟಿಯಲ್ಲಿ ಎಣ್ಣೆ ಸುಟ್ಟು ಹೋಗಿ ಕಪ್ಪು ಗೆರೆ ಮಾತ್ರ ಉಳೀತದೆ. ಹಾಗಾಗಿ ಬೆರಳಿಗೆ ಬಣ್ಣ ಸ್ವಲ್ಪ ಉಬ್ಬಿ, ಗೆರೆ ತಗ್ಗಿ ಸಿಗ್ತದೆ. ಇನ್ನೊಂದು ಆರಿಸ್ತಾ, ಅದು ಉಲ್ಟಾ. ಹಸಿ ಮಣ್ಣನ್ನು ಅಚ್ಚಿಗೆ ಒತ್ತಿ ಏಣು ಎಬ್ಬಿಸಿ ಆ ಏಣುಗಳ ನಡುವೆ ಬಣ್ಣ ಹಾಕುವುದು, ಅಲ್ಲಿ ಗೆರೆಯೇ ಎದ್ದು ನಿಂತಿರ್ತದೆ. ಬ್ರಷ್‌ನಲ್ಲಿ ನುಣ್ಣಗಿನ ಟೈಲ್ ಮೇಲೆ ಚಿತ್ರ ಬರೆಯುವುದೂ ಉಂಟು, ಅದರಲ್ಲಿ ಉಬ್ಬು ತಗ್ಗು ಇರುವುದಿಲ್ಲ, ಆದ್ರೆ ಒಂದು ಎಲೆಯ ಹಾಗೆ ಇನ್ನೊಂದು ಎಲೆ ಇರುವುದಿಲ್ಲ, ಬ್ರಷ್ ಎತ್ತಿದ ಕಡೆ ಬಣ್ಣ ದಪ್ಪ ಆಗಿರ್ತದೆ. ಪ್ರಿಂಟ್ ಮಾಡಿದ್ದಾದ್ರೆ ಹತ್ತು ಟೈಲ್ ಸಾಲಾಗಿ ಇಟ್ಟು ನೋಡಿ, ಹತ್ತೂ ಅಚ್ಚೊತ್ತಿದ ಹಾಗೆ ಒಂದೇ, ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿದ್ರೆ ಚುಕ್ಕಿ ಚುಕ್ಕಿ ಕಾಣ್ತದೆ.

ಟ್ರಿಯಾನಾದಲ್ಲಿ ಹಳೆ ಸಾಂತಾ ಆನಾ ಕಾರ್ಖಾನೆ ಇದ್ದ ಜಾಗದಲ್ಲಿ 2014ರಲ್ಲಿ ಒಂದು ಮ್ಯೂಸಿಯಂ ಮಾಡಿದ್ದಾರೆ, ಹಳೆ ಭಟ್ಟಿಗಳು ಹಾಗೇ ಉಂಟು, ಅಂಗಡಿಗಳೂ ಅದರ ಸುತ್ತಮುತ್ತಲೇ. ಆದ್ರೆ ಟ್ರಿಯಾನಾದ ಅಂಗಡಿಯಲ್ಲಿ ಉಂಟು ಅಂದ ಮಾತ್ರಕ್ಕೆ ಟ್ರಿಯಾನಾದ್ದೇ ಅಂತಲ್ಲ. ಮಗನ ಹತ್ರ ಕೇಳಿಸಿ, ಇದು ಯಾರು ಮಾಡಿದ್ದು, ಎಲ್ಲಿ ಸುಟ್ಟದ್ದು ಅಂತ. ಗೊತ್ತಿರುವವನು ವರ್ಕ್‌ಶಾಪಿನ ಹೆಸರು ಹೇಳಿ, ಟೈಲ್ ತಿರುಗಿಸಿ ಹಿಂದಿನ ಸೀಲ್ ತೋರಿಸಿ, ನೀವು ಸಾಕು ಹೇಳುವವರೆಗೆ ಮಾತಾಡ್ತಾನೆ. ಗೊತ್ತಿಲ್ಲದವನು "ಸ್ಪೇನ್, ಸ್ಪೇನ್" ಅಂತ ಎರಡು ಸಲ ಹೇಳಿ ಬಿಲ್ ಹಾಕ್ತಾನೆ. ಈ ಒಂದು ಪ್ರಶ್ನೆ ಯಾವ ವಸ್ತುವಿಗೂ ಆಗ್ತದೆ, ಟೈಲ್ಸ್‌ಗೆ ಮಾತ್ರ ಅಲ್ಲ.

ಕೆಥೆಡ್ರಲ್ ಹತ್ರದ ಗಲ್ಲಿಗಳಲ್ಲಿ ನೇತಾಡುವ ಫ್ರಿಜ್ ಮ್ಯಾಗ್ನೆಟ್, ಗೂಳಿ ಗೊಂಬೆ, ಹುಡುಗಿಯ ಚಿತ್ರದ ಏಪ್ರನ್ ಎಲ್ಲ ಬಾರ್ಸಿಲೋನಾದಲ್ಲೂ ಅದೇ, ಮ್ಯಾಡ್ರಿಡ್‌ನಲ್ಲೂ ಅದೇ, ಬಿಡಿ. ಮತ್ತೆ ಬಾರ್‌ಕೋಡ್ 84ರಿಂದ ಶುರುವಾದ್ರೆ ಸ್ಪೇನ್‌ನಲ್ಲೇ ಮಾಡಿದ್ದು ಅಂತ ವಾಟ್ಸಾಪ್‌ನಲ್ಲಿ ಬರ್ತದಲ್ಲ, ಅದನ್ನು ನಂಬ್ಬೇಡಿ, ಆ ನಂಬರ್ ಕಂಪೆನಿ ಎಲ್ಲಿ ರಿಜಿಸ್ಟರ್ ಆಗಿದೆ ಅಂತ ಹೇಳ್ತದೆ ಅಷ್ಟೆ, ಸಾಮಾನು ಎಲ್ಲಿ ತಯಾರಾಯ್ತು ಅಂತ ಅಲ್ಲ.

ತೂಕ ನೋಡ್ಕೊಳ್ಳಿ, ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡ ಟೈಲ್ ಹತ್ತು ತಗೊಂಡ್ರೆ ಸುಮಾರು ನಾಲ್ಕೈದು ಕಿಲೋ. ಓರಗಿತ್ತಿಗೆ ಒಂದು, ನಾದಿನಿಗೆ ಒಂದು, ಸಾಕು, ಬಿಸಿ ಪಾತ್ರೆ ಇಡ್ಲಿಕ್ಕೂ ಆಗ್ತದೆ. ನಿಮ್ಮ ಮನೆಗೆ ಬೇಕಾದ್ರೆ ಮನೆ ಹೆಸರನ್ನು ಕನ್ನಡದಲ್ಲೇ ದೊಡ್ಡದಾಗಿ ಕಾಗದದಲ್ಲಿ ಬರೆದು ಕೊಟ್ಟು ಟೈಲ್ ಮೇಲೆ ಬರೆಸ್ಲಿಕ್ಕೆ ಆಗ್ತದಾ ಕೇಳಿ, ಆದ್ರೆ ಹೋದ ಮೊದಲ ದಿನವೇ ಆರ್ಡರ್ ಕೊಡಿ, ಬರೆದು ಸುಟ್ಟು ಆಗ್ಲಿಕ್ಕೆ ದಿನ ಹಿಡೀತದೆ. ಸಣ್ಣ ಅಂಗಡಿಗಳು ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲು ಹಾಕ್ತಾರೆ, ಭಾನುವಾರ ಹೆಚ್ಚಿನವು ಬಂದ್, ಅಕ್ಟೋಬರ್ 12 ಅವರ ರಾಷ್ಟ್ರೀಯ ದಿನ, ರಜೆ. ಇದು ನೋಡ್ಕೊಳ್ಳದೆ ಕೊನೆಯ ದಿನಕ್ಕೆ ಶಾಪಿಂಗ್ ಇಟ್ಕೊಂಡ್ರೆ ಏರ್‌ಪೋರ್ಟಿನ ಚಾಕಲೇಟೇ ಗತಿ.

ಪ್ರಶ್ನೆ: ನಾವು ಮೊಟ್ಟೆ ಸಹ ತಿನ್ನುವುದಿಲ್ಲ. ಸೆವಿಲ್‌ನಿಂದ ಮನೆಯವರಿಗೆ ಹಂಚ್ಲಿಕ್ಕೆ ಸಿಹಿತಿಂಡಿ ತರುವುದಾದ್ರೆ ಯಾವುದು ತರಬಹುದು?
– ಉಡುಪಿ, ರಥಬೀದಿ ಹತ್ರದ ಓದುಗರು

ಉತ್ತರ: ಒಳ್ಳೇದಾಯ್ತು ಮೊದಲೇ ಕೇಳಿದ್ದು. ಅಕ್ಟೋಬರ್‌ನಿಂದ ಕ್ರಿಸ್‌ಮಸ್‌ವರೆಗೆ ಎಲ್ಲ ಅಂಗಡಿಯಲ್ಲಿ ಬಣ್ಣದ ಕಾಗದ ಸುತ್ತಿದ ಮಾಂತೆಕಾದೊ, ಪೊಲ್ವೊರೋನ್ ಅಂತ ರಾಶಿ ಹಾಕಿರ್ತಾರೆ, ಸೆವಿಲ್ ಪ್ರಾಂತ್ಯದ ಎಸ್ತೆಪಾ ಅದಕ್ಕೆ ಹೆಸರುವಾಸಿ. ನೋಡ್ಲಿಕ್ಕೆ ನಮ್ಮ ನಾನ್‌ಕಟಾಯಿಯೇ. ಆದ್ರೆ ಸಾಂಪ್ರದಾಯಿಕವಾಗಿ ಮಾಡಿದ್ದಾದ್ರೆ ಅದರಲ್ಲಿರುವುದು ಹಂದಿಯ ಕೊಬ್ಬು. ಲೇಬಲ್‌ನಲ್ಲಿ ಮಾಂತೆಕಾ ದೆ ಸೆರ್ದೊ ಅಂತ ಇದ್ರೆ ಅದೇ. ಮಾಂತೆಕಿಯಾ ಅಂದ್ರೆ ಬೆಣ್ಣೆ, ಓದುವಾಗ ಎರಡೂ ಒಂದೇ ಹಾಗೆ ಕಾಣ್ತದೆ, ಜಾಗ್ರತೆ.

ನಿಮಗೆ ಸರಿಯಾದ್ದು ತೋರ್ತಾ ದೆ ಅಸೈತೆ. ಮೈದಾ, ಆಲಿವ್ ಎಣ್ಣೆ, ಸಕ್ಕರೆ, ಎಳ್ಳು, ಸೋಂಪಿನ ಪರಿಮಳದ ಆನಿಸ್, ಇಷ್ಟೇ. ತೆಳ್ಳಗೆ, ದುಂಡಗೆ, ಅಲ್ಲಲ್ಲಿ ಗುಳ್ಳೆ ಎದ್ದು ಸಕ್ಕರೆ ಕರಗಿ ಕಂದಾಗಿರ್ತದೆ, ಮುರಿದ್ರೆ ಪದರ ಪದರ ಉದುರ್ತದೆ. ಸೆವಿಲ್ ಪಕ್ಕದ ಕಾಸ್ತಿಯೇಹಾ ದೆ ಲಾ ಕ್ವೆಸ್ತಾ ಅಂತ ಊರಿನಲ್ಲಿ 1910ರಲ್ಲಿ ಇನೆಸ್ ರೊಸಾಲೆಸ್ ಎಂಬ ಹೆಂಗಸು ಮಾಡಿ ಮಾರ್ಲಿಕ್ಕೆ ಶುರು ಮಾಡಿದ್ದು, ಅವರ ಹೆಸರಿನ ಕಂಪೆನಿ ಈಗಲೂ ಒಂದೊಂದನ್ನೂ ಮೇಣದ ಕಾಗದದಲ್ಲಿ ಸುತ್ತಿಯೇ ಕೊಡುವುದು. ಸ್ಪೆಷಲ್ ಅಂಗಡಿ ಹುಡುಕ್ಬೇಕಂತ ಇಲ್ಲ, ಮನೆ ಹತ್ರದ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗ್ತದೆ, ಟೂರಿಸ್ಟ್ ರಸ್ತೆಗಿಂತ ಕಡಿಮೆಗೆ. ಬೇರೆ ರುಚಿಯದ್ದೂ ಬರ್ತದೆ, ಪ್ರತಿ ಸಲ ಲೇಬಲ್ ಓದಿ. ಊರಿಗೆ ತಂದ ಮೇಲೆ ಡಬ್ಬದಲ್ಲಿ ಮುಚ್ಚಿಡಿ, ನಮ್ಮ ಈ ತೇವಕ್ಕೆ ಒಂದೇ ದಿನದಲ್ಲಿ ಮೆತ್ತಗಾಗ್ತದೆ.

ಇನ್ನೊಂದು ಕಹಿ ಕಿತ್ತಳೆಯ ಮಾರ್ಮಲೇಡ್. ಸೆವಿಲ್‌ನ ರಸ್ತೆ ರಸ್ತೆಯಲ್ಲಿ ಕಿತ್ತಳೆ ಮರ, ಹಾಗೇ ತಿನ್ಲಿಕ್ಕೆ ಆಗುವುದಿಲ್ಲ, ಅಷ್ಟು ಕಹಿ, ಬ್ರಿಟನ್‌ನವರ ಮಾರ್ಮಲೇಡಿಗೆ ಹೋಗುವುದು ಇದೇ ಹಣ್ಣು. ಸಾಂತಾ ಪೌಲಾ ಕಾನ್ವೆಂಟ್‌ನ ಸನ್ಯಾಸಿನಿಯರು ಮಾಡಿ ಮಾರ್ತಾರೆ. ಕಾನ್ವೆಂಟ್ ಸಿಹಿಗಳಲ್ಲಿ ಭಾರೀ ಹೆಸರಿರುವುದು ಸಾನ್ ಲೆಯಾಂದ್ರೊದ ಯೇಮಾಕ್ಕೆ, ಅದು ಮೊಟ್ಟೆಯ ಹಳದಿಯೇ, ನಿಮಗಾಗುವುದಿಲ್ಲ. ಆದ್ರೂ ಅಲ್ಲಿ ಮಾರುವ ಕ್ರಮ ನೋಡುವಂಥದ್ದು. ಗೋಡೆಯಲ್ಲಿ ತಿರುಗುವ ಮರದ ಕಪಾಟು, ತೋರ್ನೊ ಅಂತ. ಬೆಲ್ ಒತ್ತಿದ್ರೆ ಒಳಗಿಂದ "ಆವೇ ಮರೀಯಾ ಪುರಿಸಿಮಾ" ಅಂತ ಸ್ವರ, ಬೇಕಾದ್ದು ಹೇಳಿ ದುಡ್ಡು ಇಟ್ರೆ ಕಪಾಟು ಗಿರಕಿ ಹೊಡೆದು ಬರುವಾಗ ಅದರಲ್ಲಿ ಡಬ್ಬ ಇರ್ತದೆ. ಕೊಟ್ಟವರ ಮುಖ ಕಾಣುವುದೇ ಇಲ್ಲ. ಚಿಲ್ಲರೆ ಹಿಡ್ಕೊಂಡು ಹೋಗಿ.

ಪ್ರಶ್ನೆ: ಅತ್ತೆಗೆ ಬೀಸಣಿಗೆ, ನನಗೆ ಆ ಹೂವಿನ ಕಸೂತಿಯ ಶಾಲು ತರುವ ಅಂತ. ಒರಿಜಿನಲ್ ಹೇಗೆ ಗೊತ್ತಾಗುವುದು?
– ಮಂಗಳೂರು ಬಿಜೈಯ ಓದುಗರು

ಉತ್ತರ: ಬೀಸಣಿಗೆ ಮಾಡುವ ಕಸುಬು ಇರುವುದು ಸೆವಿಲ್‌ನಲ್ಲಿ ಅಲ್ಲ, ವೆಲೆನ್ಸಿಯಾ ಹತ್ರದ ಅಲ್ದಾಯಾ ಕಡೆ. ಒಳ್ಳೆ ಅಂಗಡಿಯವರು ಅದನ್ನು ಅವರೇ ಹೇಳ್ತಾರೆ. ಬಿಡಿಸಿ ಮಡಚಿ ನೋಡಿ, ಮಣಿಕಟ್ಟು ಒಮ್ಮೆ ಕೊಡವಿದ್ರೆ ಪೂರ್ತಿ ತೆರ್ಕೊಳ್ಬೇಕು, ಕಡ್ಡಿಗಳು ಒಂದಕ್ಕೊಂದು ಸಿಕ್ಕಿ ಹಾಕ್ಕೊಳ್ಬಾರದು, ಬಟ್ಟೆ ಅಂಟಿಸಿದಲ್ಲಿ ಗೋಂದು ಹೊರಗೆ ಬಂದಿರ್ಬಾರದು. ಬೇಸಗೆಯಲ್ಲಿ ಸೆವಿಲ್‌ನಲ್ಲಿ 40 ಡಿಗ್ರಿ ದಾಟ್ತದೆ, ಅಲ್ಲಿಯ ಹೆಂಗಸರಿಗೆ ಇದು ಶೋಕಿ ಅಲ್ಲ, ಬ್ಯಾಗಿನಲ್ಲಿ ಇರ್ಲೇಬೇಕಾದ ಸಾಮಾನು, ಹಾಗಾಗಿ ಗಟ್ಟಿಯಾದ್ದು ಕೇಳಿದ್ರೆ ಸಿಗ್ತದೆ. ಏಪ್ರಿಲ್ ಮೇಯಲ್ಲಿ ಕರೆಂಟ್ ಹೋದಾಗ ಅತ್ತೆಗೂ ಆಯ್ತು.

ಶಾಲಿನ ಕತೆ ಮಜಾ ಉಂಟು. ಮಾಂತೋನ್ ದೆ ಮನೀಲಾ ಅಂತ ಹೆಸರು, ಆದ್ರೆ ಮನೀಲಾದ್ದೂ ಅಲ್ಲ, ಮೊದಲಿಗೆ ಚೀನಾದ ಕ್ಯಾಂಟನ್‌ನಲ್ಲಿ ಕಸೂತಿ ಹಾಕಿದ ರೇಷ್ಮೆ, ಮನೀಲಾ ಬಂದರಿನ ಮೂಲಕ ಸ್ಪೇನ್‌ನವರ ಹಡಗಿನಲ್ಲಿ ಬಂದದ್ದು. ಆಮೇಲೆ ಸೆವಿಲ್ ಕಡೆಯ ಹೆಂಗಸರೇ ಕಸೂತಿ ಕಲಿತು ತಮ್ಮ ಗುಲಾಬಿ, ಕಾರ್ನೇಷನ್ ಹೂ ಹಾಕಿ, ಅಂಚಿನ ಕುಚ್ಚನ್ನು ಉದ್ದ ಮಾಡಿ ಗಂಟು ಗಂಟು ಹೆಣೆದು ತಮ್ಮದು ಮಾಡ್ಕೊಂಡ್ರು. ಮೇಡ್ ಇನ್ ಚೈನಾ ಬೇಡ ಅಂತ ಹೇಳುವ ನಮಗೆ ಇದೊಂದು ತಮಾಷೆ. ಪರೀಕ್ಷೆ ಸುಲಭ, ಶಾಲು ತಿರುವಿ ಹಾಕಿ. ಕೈ ಕಸೂತಿಯಾದ್ರೆ ಎರಡು ಬದಿಯೂ ಹೂ ಒಂದೇ ಹಾಗೆ, ಯಾವುದು ಒಳಗೆ ಯಾವುದು ಹೊರಗೆ ಅಂತ ಗೊತ್ತಾಗುವುದಿಲ್ಲ. ಮೆಷಿನ್‌ದಾದ್ರೆ ಹಿಂದೆ ನೂಲು ಕಾಣ್ತದೆ. ರೇಷ್ಮೆಯಲ್ಲಿ ಕೈ ಕಸೂತಿಗೆ ನೂರಾರು ಯುರೋ, ದೊಡ್ಡದಕ್ಕೆ ಸಾವಿರ ದಾಟ್ತದೆ. ಇಪ್ಪತ್ತು ಯುರೋಗೆ ಕೊಡ್ತೇನೆ ಅಂದ್ರೆ ಅದು ಪಾಲಿಯೆಸ್ಟರ್, ಚಂದ ಕಂಡ್ರೆ ತಗೊಳ್ಳಿ, ಒರಿಜಿನಲ್ ಅಂತ ಮಾತ್ರ ಹೇಳ್ಬೇಡಿ.

ಪ್ರಶ್ನೆ: ಆಲಿವ್ ಎಣ್ಣೆ ತರಬಹುದಾ? ಟ್ಯಾಕ್ಸ್ ವಾಪಸ್ ಸಿಗ್ತದೆ ಅಂತಾರಲ್ಲ, ನಿಜವಾ?
– ಕುಂದಾಪುರದ ಓದುಗರು

ಉತ್ತರ: ಧಾರಾಳ ತನ್ನಿ, ಚೆಕ್-ಇನ್ ಬ್ಯಾಗಿನಲ್ಲಿ. ಗಾಜಿನ ಬಾಟ್ಲಿ ಬೇಡ, ತಗಡಿನ ಡಬ್ಬ ತಗೊಳ್ಳಿ, ಒಡೆಯುವುದಿಲ್ಲ, ಬೆಳಕು ಬಿದ್ದು ಎಣ್ಣೆ ಹಾಳಾಗುವುದೂ ಇಲ್ಲ. ಲೇಬಲ್‌ನಲ್ಲಿ ವಿರ್ಹೆನ್ ಎಕ್ಸ್‌ತ್ರಾ ಅಂತ ಇರ್ಲೇಬೇಕು, ಬರೇ ಅಸೈತೆ ದೆ ಒಲಿವಾ ಅಂತ ಇದ್ರೆ ರಿಫೈನ್ಡ್ ಬೆರೆಸಿದ್ದು. ಆಗ ಹೇಳಿದ ಎಸ್ತೆಪಾದ್ದೇ ಎಣ್ಣೆ ಉಂಟು, ಊರಿನ ಹೆಸರಿನಲ್ಲೇ ಸರ್ಟಿಫಿಕೇಟ್ ಇರುವಂಥದ್ದು, ಅದನ್ನು ಕೇಳಿ. ಒಗ್ಗರಣೆಗೆ ಹಾಕಿ ಹಾಳು ಮಾಡ್ಬೇಡಿ ಮಾರಾಯ್ರೆ, ಅದಕ್ಕೆ ನಮ್ಮ ತೆಂಗಿನೆಣ್ಣೆ ಉಂಟು. ಕೇಸರಿ ಬೇಕಾದ್ರೆ ಅದು ಸೆವಿಲ್‌ದಲ್ಲ, ಲಾ ಮಾಂಚಾದ್ದು, ಪುಡಿ ಬೇಡ, ಎಸಳೇ ತಗೊಳ್ಳಿ.

ಟ್ಯಾಕ್ಸ್ ಸಿಗ್ತದೆ. ಸಾಮಾನ್ಯ ವಸ್ತುಗಳಿಗೆ ಅಲ್ಲಿ 21 ಪರ್ಸೆಂಟ್, ಯುರೋಪಿಯನ್ ಯೂನಿಯನ್ ಹೊರಗೆ ವಾಸ ಇರುವವರಿಗೆ ವಾಪಸ್, 2018ರಿಂದ ಇಷ್ಟೇ ಮೊತ್ತದ ಖರೀದಿ ಆಗ್ಬೇಕು ಅಂತಲೂ ಇಲ್ಲ. ತಗೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ದಿವಾ ಫಾರ್ಮ್ ಕೇಳಿ, ಏರ್‌ಪೋರ್ಟಿನಲ್ಲಿ ಬ್ಯಾಗ್ ಕೊಡುವ ಮೊದಲು ಮೆಷಿನ್‌ನಲ್ಲಿ ಸ್ಕ್ಯಾನ್ ಮಾಡಿ. ಸಾಮಾನು ತೋರಿಸಿ ಅಂದ್ರೆ ತೋರಿಸ್ಲಿಕ್ಕೆ ಆಗ್ಬೇಕು. ಅಲ್ಲೇ ವಾಸ ಇರುವ ಮಗನ ಹೆಸರಿನಲ್ಲಿ ಬಿಲ್ ಮಾಡಿಸಿದ್ರೆ ಸಿಗುವುದಿಲ್ಲ. ಕಮಿಷನ್ ಕಳೆದು ಬರ್ತದೆ, ಹಾಗಾಗಿ ಶಾಲಿಗೆ ಲಾಭ ಉಂಟು, ಎರಡು ಟೈಲ್‌ಗೆ ಕ್ಯೂ ನಿಲ್ಲುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಅಲ್ಲಿ ಚೌಕಾಶಿ ನಡೀತದಾ?
– ಸುರತ್ಕಲ್ ಓದುಗರು

ಉತ್ತರ: ಅಂಗಡಿಯಲ್ಲಿ ಇಲ್ಲ. ಗುರುವಾರ ಬೆಳಿಗ್ಗೆ ಫೇರಿಯಾ ರಸ್ತೆಯಲ್ಲಿ ಎಲ್ ಹ್ವೇವೆಸ್ ಅಂತ ಹಳೆ ಸಾಮಾನಿನ ಸಂತೆ ಆಗ್ತದೆ, ಅಲ್ಲಿ ನಡೀತದೆ. ಹಳೆ ಬೀಗ, ಹಿತ್ತಾಳೆ, ಬೀಸಣಿಗೆ ಎಲ್ಲ ಬರ್ತದೆ. ಹಳೆ ಟೈಲ್ಸ್ ಸಹ ಕಾಣ್ತದೆ, ಆದ್ರೆ ನಮ್ಮಲ್ಲಿ ಗುತ್ತಿನ ಮನೆ ಕಳಚಿ ಕಂಬ ಮಾರುವ ಹಾಗೆ ಅದು ಯಾರ ಗೋಡೆಯಿಂದ ಕಿತ್ತದ್ದೋ, ನನಗಂತೂ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಮಗಳು ಡ್ಯಾನ್ಸ್ ಕಲೀತಾಳೆ, ಬೆರಳಿಗೆ ಹಾಕಿ ಬಾರಿಸುವ ಕ್ಯಾಸ್ಟನೆಟ್ ತರಿಸುವ ಅಂತ. ಎಂತ ನೋಡ್ಬೇಕು?
– ಕದ್ರಿಯ ಓದುಗರು

ಉತ್ತರ: ಕೈಯಲ್ಲಿ ಹಿಡಿದು ಬಾರಿಸಿ ನೋಡದೆ ತಗೊಳ್ಬೇಡಿ. ಸೊವೆನೀರ್ ಅಂಗಡಿಯಲ್ಲಿ ಬಣ್ಣ ಬಳಿದು ಊರ ಹೆಸರು ಬರೆದದ್ದು ಶೋಕೇಸಿಗೆ ಮಾತ್ರ. ಬಾರಿಸುವಂಥದ್ದು ಡ್ಯಾನ್ಸ್ ಸಾಮಾನಿನ ಅಂಗಡಿಯಲ್ಲಿ, ಗಟ್ಟಿ ಮರದ್ದು ಅಥವಾ ಬಟ್ಟೆ ಪದರಗಳನ್ನು ಅಂಟಿಸಿ ಒತ್ತಿ ಮಾಡಿದ್ದು, ಸೈಜ್ ನಂಬರ್ ಇರ್ತದೆ, ಮಗಳ ಕೈಯ ಅಳತೆ ತಗೊಂಡು ಹೋಗಿ. ಎರಡೂ ಕೈಯದ್ದಕ್ಕೆ ಒಂದೇ ಸ್ವರ ಇರ್ಬಾರದು, ಸ್ವರ ಏರು ಇರುವುದಕ್ಕೆ ಹೆಣ್ಣು ಅಂತ ಹೇಳ್ತಾರೆ, ಅದು ಬಲಗೈಗೆ, ಸಾಮಾನ್ಯವಾಗಿ ಅದರ ಮೇಲೆ ಸಣ್ಣ ಗೀರು ಹಾಕಿರ್ತಾರೆ. ದಪ್ಪ ಸ್ವರದ್ದು ಗಂಡು, ಎಡಗೈಗೆ. ದಾರವನ್ನು ಹೆಬ್ಬೆರಳಿಗೆ ಸುತ್ತುವ ಕ್ರಮವನ್ನು ಅಂಗಡಿಯವರ ಹತ್ರವೇ ವಿಡಿಯೊ ಮಾಡಿಸ್ಕೊಳ್ಳಿ, ಇಲ್ಲಿ ಬಂದ ಮೇಲೆ ತೋರಿಸಿ ಕೊಡುವವರು ಸಿಗುವುದು ಕಷ್ಟ. ಮತ್ತೆ ಫ್ಲ್ಯಾಟ್‌ನಲ್ಲಿ ಇರುವವರಾದ್ರೆ ಕೆಳಗಿನ ಮನೆಯವರಿಗೆ ಒಂದು ಪ್ಯಾಕೆಟ್ ತೋರ್ತಾ ಮೊದಲೇ ಕೊಟ್ಟಿಡಿ.