ಅಮೆರಿಕಾದಲ್ಲಿ ಚೈಲ್ಡ್ ಟ್ರಾಮಾ ಪಿಎಚ್‌ಡಿ ಮಾಡ್ಬೇಕು ಅನ್ನೋರಿಗೆ

ಮೈಸೂರಲ್ಲಿ ಎಂಎಸ್ಸಿ ಸೈಕಾಲಜಿ ಮುಗೀತು, ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆನೇ ಅಮೆರಿಕಾದಲ್ಲಿ ಕ್ಲಿನಿಕಲ್ ಪಿಎಚ್‌ಡಿ ಮಾಡ್ಬೇಕು, ಅಲ್ಲಿ ಜೀವನ ಹೇಗೆ, ದಿನಾ ಅಂಥ ಕಥೆಗಳನ್ನೇ ಕೇಳ್ಕೊಂಡು ಇರಕ್ಕಾಗತ್ತಾ ಅಂತ ಕೇಳಿದೀರಲ್ಲ, ಕೊನೇ ಪ್ರಶ್ನೆಗೇ ಮೊದ್ಲು ಉತ್ರ ಹೇಳ್ತೀನಿ. ಕೇಳಕ್ಕಾಗತ್ತೆ. ಸೂಪರ್‌ವಿಷನ್ ಅಂತ ವಾರವಾರ ಸೀನಿಯರ್ ಒಬ್ರು ನಿಮ್ಮ ಜೊತೆ ಕೂತು ನಿಮ್ಮ ಸೆಷನ್ ರೆಕಾರ್ಡಿಂಗನ್ನೇ ಹಾಕಿ ನೋಡ್ತಾರೆ, ಒಬ್ರೇ ಹೊತ್ಕೊಂಡು ಮನೆಗೆ ಹೋಗ್ಬೇಕಾಗಿಲ್ಲ. ನಮ್ಮ ಕಡೆಯಿಂದ ಬರೋರು ಅಂದಾಜೇ ಮಾಡದ ಕಷ್ಟ ಬೇರೆ ಇದೆ. ಮಗು ಜೊತೆ ಕೆಲ್ಸ ಅಂತ ಬಂದ್ರೆ ಇಲ್ಲಿ ಬಹುಪಾಲು ಕೆಲ್ಸ ದೊಡ್ಡೋರ ಜೊತೆನೇ, ಹೊಡೆದ ಅಪ್ಪ, ಫಾಸ್ಟರ್ ಅಮ್ಮ (ಹೆತ್ತೋರಿಂದ ದೂರ ಮಾಡಿದ ಮಗುನ ತಾತ್ಕಾಲಿಕವಾಗಿ ಸಾಕೋರು), ಕೇಸ್‌ವರ್ಕರು, ಸ್ಕೂಲು, ಕೋರ್ಟು.

ಪಿಸಿಐಟಿ (ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ) ಅಂತ ಒಂದು ಥೆರಪಿ ಇದೆ, ಶೀಲಾ ಐಬರ್ಗ್ ಅನ್ನೋರು ಶುರು ಮಾಡಿದ್ದು, ಟ್ರಾಮಾ ಕಡೆ ಹೋಗೋರಿಗೆ ಟ್ರೈನಿಂಗಲ್ಲಿ ಸಿಗೋ ಚಾನ್ಸ್ ಜಾಸ್ತಿ. ರೂಮಲ್ಲಿ ಅಮ್ಮ ಮಗು ಆಟ ಆಡ್ತಿರ್ತಾರೆ, ನೀವು ಒಂದೇ ಕಡೆಯಿಂದ ಕಾಣೋ ಗಾಜಿನ ಹಿಂದೆ ಕೂತ್ಕೊಂಡು ಅಮ್ಮನ ಕಿವಿಲಿರೋ ಇಯರ್‌ಪೀಸಿಗೆ ಹೇಳಿಕೊಡ್ತಾ ಇರ್ಬೇಕು, 'ಬ್ಲಾಕ್ಸ್ ನಿಧಾನಕ್ಕೆ ಜೋಡಿಸ್ತಿದಾನೆ ನೋಡಿ, ಅದನ್ನೇ ಹೆಸರಿಟ್ಟು ಹೊಗಳಿ' ಅಂತ. ಐದು ನಿಮಿಷದಲ್ಲಿ ಇಂಥ ಸ್ಪಷ್ಟ ಹೊಗಳಿಕೆ 10, ಮಗು ಹೇಳಿದ್ದನ್ನ ತಿರುಗಿ ಹೇಳೋದು 10, ಅದು ಮಾಡ್ತಿರೋದನ್ನ ವಿವರಿಸೋದು 10 ಬರ್ಬೇಕು, ಪ್ರಶ್ನೆ, ಆರ್ಡರ್, ಬೈಗುಳ ಎಲ್ಲಾ ಸೇರಿ ಮೂರಕ್ಕಿಂತ ಕಮ್ಮಿ ಇರ್ಬೇಕು. ನಮ್ಮೋರಿಗೆ ಇದು ತಮಾಷೆ ಅನ್ಸತ್ತೆ, ಯಾಕಂದ್ರೆ ನಾವು ಪ್ರೀತಿ ಮಾಡೋದೇ ಪ್ರಶ್ನೆ ಕೇಳಿ (ಉಂಡ್ಯಾ, ಯಾಕೆ ಸಪ್ಪಗಿದೀಯ, ಹೋಮ್‌ವರ್ಕ್ ಆಯ್ತಾ), ಎದುರಿಗೆ ಹೊಗಳಿದ್ರೆ ದೃಷ್ಟಿ ಆಗತ್ತೆ ಅಂತ ಬೆಳೆದೋರು. ಆದ್ರೆ 2004ರಲ್ಲಿ ಮಾರ್ಕ್ ಚಾಫಿನ್ ಅವರ ತಂಡ ಮಕ್ಕಳಿಗೆ ಹೊಡೆದು ಕೇಸಾಗಿದ್ದ 110 ಪೋಷಕರ ಮೇಲೆ ಸ್ಟಡಿ ಮಾಡ್ದಾಗ, ಪಿಸಿಐಟಿ ತಗೊಂಡೋರಲ್ಲಿ ಮತ್ತೆ ಹೊಡೆದ ರಿಪೋರ್ಟ್ ಬಂದಿದ್ದು 19%, ಮಾಮೂಲಿ ಪೇರೆಂಟಿಂಗ್ ಗ್ರೂಪಲ್ಲಿ 49%. ಹೊಡೆದ ಅಪ್ಪನ ಕಿವಿಲಿ ಕೂತು ಅವನನ್ನೂ ಹೊಗಳ್ತಾ ಕಲಿಸ್ಬೇಕು, ನಿಮ್ಮ ಕೈಲಾಗತ್ತಾ ಅಂತ ಕೇಳ್ಕೊಳ್ಳಿ. ಅವನ ಮೇಲೆ ಬರೀ ಸಿಟ್ಟು ಇಟ್ಕೊಂಡು ಬರೋರಿಗೆ ಈ ಫೀಲ್ಡ್ ಬೇಗ ಸುಸ್ತು ಮಾಡ್ಬಿಡತ್ತೆ.

ಇನ್ನೊಂದು, ರಿಪೋರ್ಟಿಂಗ್. ಡೆನ್ವರಿನ ಮಕ್ಕಳ ಡಾಕ್ಟರ್ ಹೆನ್ರಿ ಕೆಂಪ್ 1962ರಲ್ಲಿ ಏಟು ತಿಂದ ಮಕ್ಕಳ ಬಗ್ಗೆ ಪೇಪರ್ ಬರೆದ ಮೇಲೆ ಕೆಲವೇ ವರ್ಷದಲ್ಲಿ ಎಲ್ಲಾ ರಾಜ್ಯಗಳಲ್ಲೂ ಕಾನೂನು ಬಂತು. ಮಗು ಮೇಲೆ ದೌರ್ಜನ್ಯ ಆಗ್ತಿದೆ ಅಂತ ಸಮಂಜಸವಾದ ಅನುಮಾನ ಇದ್ರೆ ಸಾಕು ಮಕ್ಕಳ ರಕ್ಷಣೆ ಇಲಾಖೆಗೆ ಫೋನ್ ಮಾಡ್ಲೇಬೇಕು, ಪ್ರೂಫ್ ಹುಡುಕೋದು ನಿಮ್ಮ ಕೆಲ್ಸ ಅಲ್ಲ. ನಮ್ಮಲ್ಲೂ 2012ರ ಪೋಕ್ಸೋದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಇದೇ ಥರ ಇದೆ, ಆದ್ರೆ ಇಲ್ಲಿ ಏಟು, ನಿರ್ಲಕ್ಷ್ಯಕ್ಕೂ ಅನ್ವಯ. ಫೋನ್ ಮಾಡಿ ಮುಂದಿನ ವಾರ ಅದೇ ಅಮ್ಮನ ಎದುರು ಕೂತ್ಕೋಬೇಕು, ಅದು ಯಾವ ಪುಸ್ತಕದಲ್ಲೂ ಬರಲ್ಲ. ಕೇಸುಗಳಲ್ಲಿ ಮುಕ್ಕಾಲು ಭಾಗ ಏಟಿಂದಲ್ಲ, ನಿರ್ಲಕ್ಷ್ಯದ್ದು, ಅದರಲ್ಲಿ ಬಡತನ ಎಲ್ಲಿ ಮುಗಿದು ನಿರ್ಲಕ್ಷ್ಯ ಎಲ್ಲಿ ಶುರು ಅಂತ ತಲೆ ಕೆಡತ್ತೆ. ಇದರ ಮೇಲೆ 1997ರ ಕಾನೂನೊಂದಿದೆ, ಮಗು 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರಲ್ಲಿದ್ರೆ, ಕೆಲವು ವಿನಾಯ್ತಿ ಬಿಟ್ರೆ, ಹೆತ್ತೋರ ಹಕ್ಕು ತೆಗೆಯಕ್ಕೆ ರಾಜ್ಯ ಅರ್ಜಿ ಹಾಕ್ಬೇಕು, ಥೆರಪಿ ಎಷ್ಟು ಮುಂದೆ ಹೋಗಿದೆ ಅಂತ ಆ ಗಡಿಯಾರ ಕಾಯಲ್ಲ.

ದುಡ್ಡಿನ ವಿಷ್ಯ. ಪಿಎಚ್‌ಡಿಲಿ ಸಾಮಾನ್ಯವಾಗಿ ಫೀಸ್ ಮಾಫಿ, ಸ್ಟೈಪೆಂಡ್ ಬರತ್ತೆ, ರೂಮ್‌ಮೇಟ್ ಜೊತೆ ಇದ್ರೆ ಸರಿಹೋಗತ್ತೆ ಅಷ್ಟೇ, ಮನೆಗೆ ಕಳಿಸೋ ಆಸೆ ಇಟ್ಕೋಬೇಡಿ. ಸೈಡಿ (PsyD, ರಿಸರ್ಚಿಗಿಂತ ಪ್ರಾಕ್ಟೀಸಿಗೇ ಒತ್ತು ಕೊಡೋ ಡಾಕ್ಟರೇಟ್) ಅನ್ನೋ ಡಿಗ್ರಿ ಬಹುತೇಕ ನಿಮ್ಮ ಖರ್ಚೇ, ಸಾಲ ಮಾಡಿ ಬರೋ ಮುಂಚೆ ಅಪ್ಪ ಅಮ್ಮನ ಜೊತೆ ಕೂತು ಲೆಕ್ಕ ಹಾಕಿ. ಐದು ವರ್ಷದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್ಪು, ಅದಕ್ಕೆ ಮ್ಯಾಚ್ ಅಂತ ನಡೆಯತ್ತೆ, ಮದುವೆ ಜಾತಕ ಹೊಂದಿಸಿದಂಗೆ ನೀವೂ ಲಿಸ್ಟ್ ಕೊಡ್ತೀರ ಅವರೂ ಕೊಡ್ತಾರೆ, ಕಂಪ್ಯೂಟರ್ ಹೊಂದಿಸತ್ತೆ. ಇಲ್ಲಿ ವೀಸಾದೋರಿಗೊಂದು ತೊಡಕು, ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳು, ಅದೇ ವಿಎ, ಈ ದೇಶದಲ್ಲಿ ಅತಿ ಹೆಚ್ಚು ಸೈಕಾಲಜಿಸ್ಟುಗಳಿಗೆ ಟ್ರೈನಿಂಗ್ ಕೊಡೋರು, ಆದ್ರೆ ಸಿಟಿಜನ್ ಅಲ್ದಿದ್ರೆ ತಗೊಳಲ್ಲ. ಮಕ್ಕಳ ಆಸ್ಪತ್ರೆ, ಯೂನಿವರ್ಸಿಟಿ ಕ್ಲಿನಿಕ್ ಇವೆ, ನಿಮ್ಮ ಟಾಪಿಕ್ಕಿಗೆ ಅವೇ ಬೇಕಾದ್ದು ಕೂಡ. ಮತ್ತೆ ಕಾರ್ ಬೇಕು, ಪ್ರಾಕ್ಟಿಕಮ್ (ಓದ್ತಾ ಓದ್ತಾನೇ ಕ್ಲಿನಿಕಲ್ಲಿ ಮಾಡೋ ಟ್ರೈನಿಂಗ್) ಜಾಗಕ್ಕೆ ಬಸ್ ಇರೋ ಊರು ಕಮ್ಮಿ.

ಅಪ್ಲೈ ಮಾಡೋವಾಗ ಯೂನಿವರ್ಸಿಟಿ ಹೆಸರು ನೋಡ್ಬೇಡಿ, ಪ್ರೊಫೆಸರ್ ನೋಡಿ, ಹೆಚ್ಚಿನ ಕಡೆ ಸೀಟು ಕೊಡೋದೇ ಅವರು. ಉದಾಹರಣೆಗೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಮೌಂಟ್ ಹೋಪ್ ಸೆಂಟರ್ 1979ರಿಂದ ಇದೇ ವಿಷ್ಯದ ಮೇಲೆ ಕೆಲ್ಸ ಮಾಡ್ತಿದೆ, ಅಲ್ಲಿನ ಪೇಪರ್‌ಗಳನ್ನ ಓದಿ. ಎಸ್‌ಒಪಿಲಿ (ಯಾಕೆ ಓದ್ಬೇಕು ಅಂತ ಅಪ್ಲಿಕೇಶನ್ ಜೊತೆ ಬರೆದು ಕೊಡೋ ಪತ್ರ) ನಿಮ್ಮ ಸ್ವಂತ ಬಾಲ್ಯದ ನೋವು ಬರೀಬೇಡಿ ಅಂತ ನಾನಂತೂ ಹೇಳ್ತೀನಿ, ರಿಸರ್ಚ್ ಪ್ರಶ್ನೆ ಬರೀರಿ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಮಾನ್ಯತೆ ಇರೋ ಎಲ್ಲಾ ಪ್ರೋಗ್ರಾಮೂ ಎಷ್ಟು ಜನ ಮುಗಿಸಿದ್ರು, ಎಷ್ಟು ಜನಕ್ಕೆ ಇಂಟರ್ನ್‌ಶಿಪ್ ಸಿಕ್ತು ಅಂತ ತಮ್ಮ ಸೈಟಲ್ಲಿ ಟೇಬಲ್ ಹಾಕ್ಲೇಬೇಕು, ಅದನ್ನ ನೋಡಿ. ಡೆಡ್‌ಲೈನ್ ತುಂಬಾ ಕಡೆ ಡಿಸೆಂಬರ್ 1. ನಿಮ್ಮ ಎಂಎಸ್ಸಿ ಪ್ರಾಜೆಕ್ಟ್ ಯಾವುದರ ಮೇಲೆ ಅಂತ ಬರೀರಿ, ಹೊಂದೋ ಲ್ಯಾಬ್ ಯಾವುದು ಅಂತ ಹೇಳ್ತೀನಿ.