ಬಾಯಿ ಹಾಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ

ಪ್ರಶ್ನೆ: ವಿರಾಜಪೇಟೆ ಕಡೆಯವಳು, ವಯಸ್ಸು 36. 15 ವರ್ಷದಿಂದ ನಮ್ಮ ಚರ್ಚಿನ ಗಾನವೃಂದದಲ್ಲಿ ಹಾಡುತ್ತಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ತೋಟ ಪಾಲಾಯಿತು. ಒಳ್ಳೆ ಮೆಣಸಿನ ಬಳ್ಳಿಗಳಿರುವ ಕಡೆಯೆಲ್ಲ ಅಣ್ಣನ ಪಾಲಿಗೆ ಹೋಯಿತು. ಎರಡು ವರ್ಷದಿಂದ ನಮಗಿಬ್ಬರಿಗೂ ಮಾತಿಲ್ಲ. ಈಚೆಗೆ ಪೂಜೆಯಲ್ಲಿ ಏನೂ ಅನ್ನಿಸುವುದೇ ಇಲ್ಲ. ಎಲ್ಲರೂ ಕೈಮುಗಿದು ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ನಾನು ಅಣ್ಣ ನಿಂತ ಸಾಲಿನ ಕಡೆ ನೋಡದೆ ಹಾಡಿನ ಪುಸ್ತಕದಲ್ಲಿ ಪುಟ ಹುಡುಕುತ್ತೇನೆ. ನನ್ನ ಆರಾಧನೆ ಬರೀ ನಾಟಕ ಅನ್ನಿಸುತ್ತಿದೆ. ಹಾಡುವುದನ್ನು ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ತಂಗಿ.

ನಿಮ್ಮ ಪತ್ರದಲ್ಲಿ ಎರಡು ಸಂಕಟ ಒಂದರೊಳಗೊಂದು ಸಿಕ್ಕಿಕೊಂಡಿವೆ. ಮೊದಲನೆಯದು, ಏನೂ ಅನ್ನಿಸದಿರುವುದು. ಅದಕ್ಕೆ ನೀವು ನಾಚಿಕೊಳ್ಳಬೇಕಿಲ್ಲ. ಮದರ್ ತೆರೇಸಾ ತಮ್ಮ ಗುರುಗಳಿಗೆ ಬರೆದಿದ್ದ ಪತ್ರಗಳು 2007ರಲ್ಲಿ ಪ್ರಕಟವಾದಾಗ ಎಷ್ಟೋ ಜನ ಬೆಚ್ಚಿದರು. ದಶಕಗಳ ಕಾಲ ಆಕೆಗೆ ದೇವರು ಹತ್ತಿರವಿದ್ದಾನೆ ಎಂದು ಹೆಚ್ಚುಕಡಿಮೆ ಅನ್ನಿಸಿಯೇ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಪೂಜೆಗೆ ಹೋಗಿ ಮಂಡಿಯೂರಿದರು. ಇದನ್ನು ನಾಟಕ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ನೀವೇ ಹಾಡುವ ಬೈಬಲಿನ ಕೀರ್ತನೆಗಳನ್ನು ತೆಗೆದು ನೋಡಿ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು 13ನೆಯ ಕೀರ್ತನೆ ದೇವರನ್ನೇ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನೂ ಆರಾಧನೆಯ ಹಾಡೆಂದೇ ಉಳಿಸಿಕೊಂಡು ಬಂದಿದ್ದಾರೆ. ಅಮ್ಮನನ್ನು ಕಳೆದುಕೊಂಡವರ ಮನಸ್ಸು ಹೀಗೆ ಒಣಗುವುದುಂಟು. ಊಟ, ನಿದ್ದೆ ಕೂಡ ಕೆಟ್ಟಿದ್ದರೆ ಒಮ್ಮೆ ವೈದ್ಯರನ್ನು ಕಾಣಿ.

ಎರಡನೆಯದು, ಅಣ್ಣನ ಜೊತೆಗಿನ ಮನಸ್ತಾಪ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಪುಟ ಹುಡುಕುವ ಮಾತು.

ಬೈಬಲಿನಲ್ಲಿ ಬಾವಿಯ ಹತ್ತಿರ ಸಿಕ್ಕ ಸಮಾರಿಯದ ಹೆಂಗಸು ಯೇಸುಸ್ವಾಮಿಯನ್ನು ಕೇಳಿದ್ದು, ಆರಾಧಿಸಬೇಕಾದದ್ದು ಈ ಬೆಟ್ಟದಲ್ಲೋ ಜೆರುಸಲೇಮಿನಲ್ಲೋ ಎಂದು. ಆತ್ಮದಲ್ಲಿ, ಸತ್ಯದಲ್ಲಿ ಆರಾಧಿಸುವವರನ್ನು ತಂದೆ ಹುಡುಕುತ್ತಾನೆ ಎಂದರು ಅವರು. ನಾವು ಆತ್ಮದ ಮಾತು ಬಂದರೆ ಕಣ್ಣೀರು, ರೋಮಾಂಚನ ಎಂದುಕೊಂಡು ಬಿಡುತ್ತೇವೆ. ಸತ್ಯದ ಮಾತು ಹಿಂದೆ ಬೀಳುತ್ತದೆ. ನಿಮ್ಮ ಸತ್ಯ ಸದ್ಯಕ್ಕೆ ಅಣ್ಣ ನಿಂತ ಆ ಸಾಲಿನಲ್ಲಿದೆ. ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ ಅದನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬರಲಿ ಎನ್ನುತ್ತದೆ ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯ. ತಪ್ಪು ಯಾರದೆಂದು ಅಲ್ಲಿ ವಿಚಾರಿಸಿಯೇ ಇಲ್ಲ, ಗಮನಿಸಿ. ಕಾಣಿಕೆಯನ್ನು ಮನೆಗೆ ವಾಪಸ್ ಒಯ್ಯಲೂ ಹೇಳಿಲ್ಲ. ತಿರುಗಿ ಬಂದು ಅರ್ಪಿಸಬೇಕು. ನಿಮ್ಮ ಕಾಣಿಕೆ ನಿಮ್ಮ ಹಾಡು. ಅದಕ್ಕೇ ಬಿಡಬೇಡಿ ಎಂದದ್ದು.

ನಿಮ್ಮ ಊರಿನ ಸಂತ ಅನ್ನಮ್ಮ ದೇವಾಲಯ 1792ರದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ ಕಾಲ ಅದು. ಮನೆ, ಗದ್ದೆ, ಎಷ್ಟೋ ಜನ ಒಡಹುಟ್ಟಿದವರನ್ನೂ ಕಳೆದುಕೊಂಡು ಬಂದವರು ಅವರು. ನಿಮ್ಮ ಒಡಹುಟ್ಟಿದವರು ನಾಲ್ಕು ಬೆಂಚಿನಾಚೆ ನಿಂತಿದ್ದಾರೆ.

ಚರ್ಚಿನ ಅಂಗಳದಲ್ಲಿ, ನಾಲ್ಕು ಜನರ ಮುಂದೆ ಮಾತಾಡಿಸಲು ಹೋಗಬೇಡಿ, ಅಣ್ಣನಿಗೆ ಮುಜುಗರವಾಗುತ್ತದೆ. ಈಗ ಕಾಫಿ ಕೊಯ್ಲಿನ ಸಮಯ. ಒಂದು ಸಂಜೆ ಅವರ ಕಣಕ್ಕೆ ಹೋಗಿ. ಒಣಹಾಕಿದ ಕಾಫಿಯನ್ನು ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚುವ ಹೊತ್ತು ನೋಡಿಕೊಂಡು ಹೋದರೆ ಒಳ್ಳೆಯದು. ಟಾರ್ಪಾಲಿಗೆ ಹೇಗೂ ಇಬ್ಬರು ಬೇಕು. ಇನ್ನೊಂದು ತುದಿ ನೀವು ಹಿಡಿಯಿರಿ. ಅಂದು ಅಮ್ಮನ ಸುದ್ದಿ ಮಾತಾಡಿ, ಮೆಣಸಿನ ಸುದ್ದಿ ಎತ್ತಬೇಡಿ. ಪಾಲಿನಲ್ಲಿ ಅನ್ಯಾಯವಾಗಿದ್ದರೆ ಅದನ್ನು ನುಂಗಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ಒಪ್ಪುವ ಹಿರಿಯರೊಬ್ಬರನ್ನು ಕೂರಿಸಿಕೊಂಡು ಇನ್ನೊಂದು ದಿನ ಕೇಳಿ, ಕೇಳುವ ಹಕ್ಕು ನಿಮಗಿದೆ.

ಅಣ್ಣ ಮುಖ ತಿರುಗಿಸಿಕೊಂಡು ಒಳಗೆ ಹೋಗಲೂಬಹುದು. ನೋವಾಗುತ್ತದೆ. ಆದರೂ ಆ ಭಾನುವಾರ ಗಾನವೃಂದದಲ್ಲಿ ನಿಮ್ಮ ಜಾಗದಲ್ಲೇ ನಿಲ್ಲಿ. ಶಾಂತಿ ಹೇಳುವ ಹೊತ್ತಿಗೆ ಪುಸ್ತಕ ಮುಚ್ಚಿಟ್ಟು, ಆ ಸಾಲಿನ ಕಡೆ ತಿರುಗಿ ಕೈಮುಗಿಯಿರಿ.